ಮರೆವೆಲ್ಲವೂ ಮುಪ್ಪಿನದಲ್ಲ

ಹಿರಿಯರು ಕನ್ನಡಕವನ್ನು ಎಲ್ಲಿಟ್ಟೆವೆಂದು ಹುಡುಕುವುದು ಸಹಜ. ಆದರೆ ಊಟ ಮಾಡಿದ್ದನ್ನೇ ಮರೆತು ಮತ್ತೆ ಕೇಳುವುದು, ಪರಿಚಿತ ಓಣಿಯಲ್ಲಿ ದಾರಿ ತಪ್ಪುವುದು, ಮೊಮ್ಮಕ್ಕಳ ಹೆಸರು ನೆನಪಾಗದಿರುವುದು ಬೇರೆಯ ಮಾತು. ಇವು ಡಿಮೆನ್ಷಿಯಾ ಎಂಬ ಸ್ಮೃತಿಭ್ರಂಶದ ಲಕ್ಷಣಗಳಾಗಿರಬಹುದು. ಅರವತ್ತಕ್ಕೆ ಅರಳುಮರುಳು ಎಂದು ಸುಮ್ಮನಾಗುವ ಮೊದಲು ಬಿ12 ಜೀವಸತ್ವದ ಕೊರತೆಯಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಮರೆವಿನ ಕಾರಣಗಳಲ್ಲಿ ಚಿಕಿತ್ಸೆಗೆ ಮಣಿಯುವ ಕೆಲವೇ ಕಾರಣಗಳಲ್ಲಿ ಇದೂ ಒಂದು.

ದೇಹತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ಬಳಸುತ್ತದೆ. ವಿದ್ಯುತ್ ತಂತಿಗೆ ಹೊದಿಕೆಯಿರುವಂತೆ ನರತಂತುಗಳಿಗೂ ಮಯಲಿನ್ ಎಂಬ ಹೊದಿಕೆಯಿದೆ. ಅದು ಸುಸ್ಥಿತಿಯಲ್ಲಿರಲು ಬಿ12 ಬೇಕು. ಇದು ಕಡಿಮೆಯಾದಾಗ ಪಾದಗಳಲ್ಲಿ ಜೋಮು, ನಡಿಗೆಯಲ್ಲಿ ತೂರಾಟ, ನಾಲಿಗೆಯ ಉರಿ, ಆಯಾಸ, ಸಿಡುಕು, ಮರೆವು ಕಾಣಿಸಿಕೊಳ್ಳುತ್ತವೆ.

ಸಸ್ಯಾಹಾರಿಗಳಾದ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು. ಕಾಳು, ಸೊಪ್ಪು, ತರಕಾರಿಗಳಲ್ಲಿ ಬಿ12 ಇಲ್ಲವೆಂದೇ ಹೇಳಬೇಕು. ನಮಗೆ ಹಾಲು, ಮೊಸರುಗಳೇ ಮುಖ್ಯ ಆಧಾರ. ದಿನಕ್ಕೆ 2ರಿಂದ 2.5 ಮೈಕ್ರೋಗ್ರಾಂ ಬೇಕಾದರೆ, ಒಂದು ಲೋಟ ಹಾಲಿನಲ್ಲಿ ದೊರೆಯುವುದು ಸುಮಾರು 1 ಮೈಕ್ರೋಗ್ರಾಂ ಮಾತ್ರ. ಚಹಾಕ್ಕೆ ಬೆರೆಸುವ ಹಾಲು ಸಾಲದು. ಮೇಲಾಗಿ ಮುಪ್ಪಿನಲ್ಲಿ ಜಠರಾಗ್ನಿ ಮಂದವಾಗುತ್ತದೆ. ಜಠರದ ಆಮ್ಲ ತಗ್ಗಿದರೆ ಆಹಾರದಲ್ಲಿದ್ದ ಬಿ12 ಕೂಡ ಪೂರ್ಣವಾಗಿ ದೇಹಗತವಾಗದು. ಮಧುಮೇಹಕ್ಕೆ ಮೆಟ್‌ಫಾರ್ಮಿನ್, ಹುಳಿತೇಗಿಗೆ ಆಮ್ಲಶಾಮಕ ಮಾತ್ರೆಗಳನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಕೊರತೆಯ ಸಂಭವ ಹೆಚ್ಚು. ಹಾಗೆಂದು ಆ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ರಕ್ತಪರೀಕ್ಷೆಯಿಂದ ಕೊರತೆಯನ್ನು ತಿಳಿಯಬಹುದು. ವೈದ್ಯರು ಸೂಚಿಸುವ ಮಾತ್ರೆ ಅಥವಾ ಇಂಜೆಕ್ಷನ್‌ನಿಂದ ಅದನ್ನು ತುಂಬಬಹುದು. ಬೇಗನೆ ಆರಂಭಿಸಿದರೆ ಸ್ಮೃತಿ ಸುಧಾರಿಸುವ ಸಾಧ್ಯತೆಯಿದೆ. ತಡವಾದರೆ ನರಗಳಿಗಾದ ಹಾನಿ ಉಳಿದುಬಿಡಬಹುದು. ಬಿ12 ಪರೀಕ್ಷಿಸದೆ ಫೋಲಿಕ್ ಆಮ್ಲವನ್ನಷ್ಟೇ ಸೇವಿಸಿದರೆ ರಕ್ತಹೀನತೆ ಮರೆಯಾಗಿ, ನರಹಾನಿ ಒಳಗೊಳಗೇ ಮುಂದುವರಿಯುವ ಅಪಾಯವುಂಟು. ಆಯುರ್ವೇದ ವೈದ್ಯರಾಗಿ ನಾವು ಬ್ರಾಹ್ಮೀಘೃತವನ್ನು ಗೌರವಿಸುತ್ತೇವೆ. ಆದರೆ ಬಿ12 ಕೊರತೆಯನ್ನು ಅದು ತುಂಬಲಾರದೆಂದು ಸ್ಪಷ್ಟವಾಗಿ ಹೇಳುವುದೂ ನಮ್ಮ ಧರ್ಮ.

ಆಲ್‌ಝೈಮರ್ ಕಾಯಿಲೆಯಿಂದ ಬಂದ ಮರೆವನ್ನು ಯಾವ ಆಹಾರವೂ ಗುಣಪಡಿಸದು. ಆದರೂ ಅಲ್ಲಿ ಊಟದ ಪಾತ್ರ ಹಿರಿದು. ಹಸಿವನ್ನು ಹೇಳಲಾರದೆ, ಉಣ್ಣುವುದನ್ನೇ ಮರೆತು ರೋಗಿಗಳು ಕೃಶರಾಗುತ್ತಾರೆ. ನಿಗದಿತ ವೇಳೆಯಲ್ಲಿ, ಗದ್ದಲವಿಲ್ಲದ ಕಡೆ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಬಡಿಸಿರಿ. ಕೈಯಲ್ಲಿ ಹಿಡಿದು ತಿನ್ನಬಹುದಾದ ಇಡ್ಲಿ, ಬಾಳೆಹಣ್ಣಿನ ತುಂಡುಗಳನ್ನು ಕೊಡಿರಿ. ಆಗಾಗ ನೀರು ಕುಡಿಸಿರಿ. ನುಂಗುವಾಗ ಕೆಮ್ಮು ಬಂದರೆ ವೈದ್ಯರಿಗೆ ತಿಳಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಅವರ ಪಕ್ಕದಲ್ಲಿ ಕುಳಿತು ಜೊತೆಗೇ ಉಣ್ಣಿರಿ. ನಿಮ್ಮ ಕೈ ತುತ್ತೆತ್ತುವುದನ್ನು ಕಂಡು ಅವರ ಕೈಯೂ ತಟ್ಟೆಯತ್ತ ಚಾಚುತ್ತದೆ.