ಬಿಸಿಲೂ ಒಂದು ಭಾರ: ಸೇತುವೆಯ ಲೆಕ್ಕದಲ್ಲಿ ಟೆಂಪರೇಚರ್ ಗ್ರೇಡಿಯಂಟ್

ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ 1966ರಲ್ಲಿ ನ್ಯೂಮಾರ್ಕೆಟ್ ವಯಾಡಕ್ಟ್ ಎಂಬ ಉದ್ದನೆಯ ಮೇಲ್ಸೇತುವೆ ಸಂಚಾರಕ್ಕೆ ತೆರೆಯಿತು. ಪ್ರೀಸ್ಟ್ರೆಸ್ಡ್, ಅಂದರೆ ಬಿಗಿದ ಕೇಬಲ್ಲುಗಳಿಂದ ಮೊದಲೇ ಅದುಮಿಟ್ಟ ಕಾಂಕ್ರೀಟಿನ, ಒಳಗೆ ಪೊಳ್ಳಾದ ಪೆಟ್ಟಿಗೆಯಾಕಾರದ ಗರ್ಡರುಗಳ ಸೇತುವೆ. ಬಳಕೆಗೆ ಬಂದ ಮೇಲೆ ಗರ್ಡರಿನಲ್ಲಿ ಬಿರುಕು ಕಾಣಿಸಿತು. ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಲಾರಿಗಳ ಭಾರವಲ್ಲ, ಬಿಸಿಲು. ಡೆಕ್ಕಿನ ಮೇಲ್ಭಾಗ ಕಾದು ಕೆಳಭಾಗ ತಂಪಾಗಿದ್ದಾಗ ಹುಟ್ಟುವ ಬಲವನ್ನು ವಿನ್ಯಾಸದ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೆಚ್ಚುವರಿ ಪ್ರೀಸ್ಟ್ರೆಸ್ ಕೊಟ್ಟು ಸೇತುವೆಯನ್ನು ಬಲಪಡಿಸಬೇಕಾಯಿತು. ಅದಕ್ಕೂ ಮೊದಲೇ, 1965ರಲ್ಲಿ, ಜರ್ಮನಿಯ ಹೆಸರಾಂತ ಸೇತುವೆ ಎಂಜಿನಿಯರ್ ಫ್ರಿಟ್ಜ್ ಲಿಯೋನ್‌ಹಾರ್ಟ್ ಮತ್ತು ಸಂಗಡಿಗರು ಇಂಥದ್ದೇ ಕಾರಣಕ್ಕೆ ಬಿರುಕು ಬಿಟ್ಟ ಸೇತುವೆಯೊಂದರ ಬಗ್ಗೆ ಬರೆದಿದ್ದರು. ಎಚ್ಚರಿಕೆ ಇತ್ತು, ಆದರೆ ಅದು ಇನ್ನೂ ವಿನ್ಯಾಸ ಸಂಹಿತೆಗಳ (ಕೋಡ್) ಪುಟಕ್ಕೆ ಇಳಿದಿರಲಿಲ್ಲ.

ಸೇತುವೆ ಬಿಸಿಗೆ ಹಿಗ್ಗುತ್ತದೆ, ಅದಕ್ಕಾಗಿಯೇ ಜಾಯಿಂಟ್ ಬಿಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಫ್ಲೈಓವರ್ ಮೇಲೆ ಬೈಕು ದಡಬಡ ಎನ್ನುವುದು ಅಲ್ಲೇ. ಕಾಂಕ್ರೀಟಿನ ನೂರು ಮೀಟರ್ ಉದ್ದ 30 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 36 ಮಿ.ಮೀ. ಬೆಳೆಯುತ್ತದೆ. ಜಾಗ ಬಿಟ್ಟಿದ್ದರೆ, ಬೇರಿಂಗ್ ಕೆಲಸ ಮಾಡುತ್ತಿದ್ದರೆ, ಇದರಿಂದ ದೊಡ್ಡ ತೊಂದರೆಯಿಲ್ಲ. ಗ್ರೇಡಿಯಂಟ್, ಅಂದರೆ ಮೇಲಿನಿಂದ ಕೆಳಕ್ಕೆ ತಾಪ ಬದಲಾಗುವ ಬಗೆ, ಬೇರೆಯದೇ ಜಾತಿ. ಅಲ್ಲಿ ಪ್ರಶ್ನೆ ಸೇತುವೆ ಎಷ್ಟು ಬಿಸಿಯಾಗಿದೆ ಎಂಬುದಲ್ಲ, ಎಷ್ಟು ಅಸಮವಾಗಿ ಬಿಸಿಯಾಗಿದೆ ಎಂಬುದು. ಮೇಲಿನ ಪದರ ಹಿಗ್ಗಲು ನೋಡುತ್ತದೆ, ಅದಕ್ಕೆ ಅಂಟಿಕೊಂಡ ಕೆಳಗಿನ ಪದರ ಬಿಡುವುದಿಲ್ಲ. ಈ ಜಗಳವನ್ನು ಯಾವ ಜಾಯಿಂಟೂ ಬಿಡಿಸಲಾರದು.

ಅಸಮತೆಯ ಮೂಲ, ಕಾಂಕ್ರೀಟು ಶಾಖವನ್ನು ಸಾಗಿಸುವ ನಿಧಾನಗತಿ. ತಾರಸಿ ಮನೆಯ ಕೊನೆಯ ಮಹಡಿಯಲ್ಲಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಮಧ್ಯಾಹ್ನ ಕಾದ ಚಪ್ಪಡಿ ಕೋಣೆಯೊಳಗೆ ಬೆಂಕಿ ಉಗುಳುವುದು ರಾತ್ರಿ ಊಟದ ಹೊತ್ತಿಗೆ. ಹಗಲು ಏರಿ ರಾತ್ರಿ ಇಳಿಯುವ ತಾಪದ ಅಲೆ ಕಾಂಕ್ರೀಟಿನೊಳಗೆ ಸುಮಾರು 15ರಿಂದ 17 ಸೆಂ.ಮೀ. ಇಳಿಯುವಷ್ಟರಲ್ಲಿ ಮೂರನೇ ಒಂದಕ್ಕೆ ಕುಗ್ಗಿಬಿಡುತ್ತದೆ. ಒಂದೂವರೆ, ಎರಡು ಮೀಟರ್ ಆಳದ ಗರ್ಡರಿನ ಹೊಟ್ಟೆಗೆ ಮೇಲೆ ಬಿಸಿಲಿದ್ದ ಸುದ್ದಿಯೇ ತಲುಪುವುದಿಲ್ಲ. ಹಾಗಾಗಿ ಅತಿ ಕೆಟ್ಟ ದಿನ ಎಂದರೆ ಕ್ಯಾಲೆಂಡರಿನ ಅತಿ ಬಿಸಿ ದಿನವೇ ಆಗಬೇಕಿಲ್ಲ. ರಾತ್ರಿಯೆಲ್ಲ ಚಳಿ, ಬೆಳಗ್ಗೆ ಮೋಡವಿಲ್ಲದ ಆಕಾಶ, ಗಾಳಿಯ ಸುಳಿವಿಲ್ಲ: ಬಯಲುಸೀಮೆಯ ಫೆಬ್ರುವರಿಯ ಇಂಥ ಒಂದು ದಿನ, ರಾತ್ರಿಯೂ ಬೇಯುವ ಮೇ ತಿಂಗಳಿಗಿಂತ ಹೆಚ್ಚು ಕಾಡಬಹುದು.

ನಮ್ಮಲ್ಲಿ ಇದಕ್ಕೆ ಆಧಾರ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 6 ಸಂಹಿತೆ. ಕಾಂಕ್ರೀಟ್ ಡೆಕ್ಕಿಗೆ ಅದು ಕೊಡುವ ಹಗಲಿನ ಚಿತ್ರ ಹೀಗಿದೆ. ಮೇಲ್ಮೈಯಲ್ಲಿ 17.8 ಡಿಗ್ರಿ ಹೆಚ್ಚು, 15 ಸೆಂ.ಮೀ. ಕೆಳಗೆ ಅದು 4 ಡಿಗ್ರಿಗೆ ಇಳಿಯುತ್ತದೆ. ಇನ್ನು 25 ಸೆಂ.ಮೀ. ಇಳಿದರೆ ಸೊನ್ನೆ. ತಳದಲ್ಲಿ ಮತ್ತೆ ಅಲ್ಪ ಏರಿಕೆ, 2.1 ಡಿಗ್ರಿ. (ಡೆಕ್ ತೆಳುವಾಗಿದ್ದರೆ ಈ ಆಳಗಳೂ ಕಡಿಮೆಯಾಗುತ್ತವೆ.) ರಾತ್ರಿಗೆ ಚಿತ್ರ ಮಗುಚುತ್ತದೆ: ಮೇಲ್ಮೈ 10.6 ಡಿಗ್ರಿ, ತಳ 6.6 ಡಿಗ್ರಿ ತಂಪು, ನಡುವೆ ಮಾತ್ರ ಹಗಲಿನ ಬಿಸಿ ಉಳಿದಿರುತ್ತದೆ. ಎರಡು ಸ್ಥಿತಿಗಳನ್ನೂ ಪರೀಕ್ಷಿಸಲೇಬೇಕು.

ಮೇಲ್ಮೈಯ 17.8 ಎಂಬ ಅಂಕಿ ಬ್ರಿಟನ್ನಿನ ಬಿಎಸ್ 5400 ಸಂಹಿತೆಯಲ್ಲಿ 50 ಮಿ.ಮೀ. ಟಾರು ಹೊದಿಕೆಯ ಕಾಂಕ್ರೀಟ್ ಡೆಕ್ಕಿಗೂ ಇತ್ತು. ಅಲ್ಲಿನ ರಸ್ತೆ ಸಂಶೋಧನಾ ಪ್ರಯೋಗಾಲಯದಲ್ಲಿ ಮೇರಿ ಎಮರ್ಸನ್ 1970ರ ದಶಕದಲ್ಲಿ ಮಾಡಿದ ಅಧ್ಯಯನ ಆ ಸಂಹಿತೆಗೆ ಬುನಾದಿ. ನ್ಯೂಜಿಲೆಂಡಿಗೆ ನಿಗೆಲ್ ಪ್ರೀಸ್ಟ್ಲಿ ರೂಪಿಸಿದ ವಕ್ರರೇಖೆ ಹೊದಿಕೆಯಿಲ್ಲದ ಮೇಲ್ಮೈಗೆ 32 ಡಿಗ್ರಿ ಹಿಡಿಯುತ್ತದೆ. ಟಾರಿನ ಪ್ರತಿ ಮಿಲಿಮೀಟರಿಗೆ 0.2 ಡಿಗ್ರಿ ಕಳೆಯಬೇಕು, ಅಂದರೆ 50 ಮಿ.ಮೀ.ಗೆ 22. ಅಮೆರಿಕದ ಆಶ್ಟೋ ಸಂಹಿತೆ ದೇಶವನ್ನು ಬಿಸಿಲಿನ ಲೆಕ್ಕದಲ್ಲಿ ನಾಲ್ಕು ವಲಯಗಳಾಗಿ ಒಡೆದಿದೆ. ನಮ್ಮಲ್ಲಿ ಕಲಬುರಗಿಗೂ ಮಂಗಳೂರಿಗೂ ಶ್ರೀನಗರಕ್ಕೂ ಇದೊಂದೇ ಚಿತ್ರ. ಇಷ್ಟು ಬಗೆಯ ಹವೆ ಇರುವ ದೇಶಕ್ಕೆ ಇದು ಸಾಲದು ಎಂಬುದು ನನ್ನ ಅನಿಸಿಕೆ. ಸಂಹಿತೆ ಕನಿಷ್ಠ ಅಗತ್ಯವನ್ನು ಹೇಳುತ್ತದೆ; ದೊಡ್ಡ ಸೇತುವೆಯ ವಿನ್ಯಾಸಕ ಅದಕ್ಕಿಂತ ಹೆಚ್ಚು ಹಿಡಿದು ಒಮ್ಮೆ ನೋಡಿದರೆ ಯಾರೂ ಬೇಡ ಅನ್ನುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಸುಲಭವಾಗಲೆಂದು ಒಂದು ಮೀಟರ್ ದಪ್ಪದ ಗಟ್ಟಿ ಸ್ಲ್ಯಾಬ್ ಸೇತುವೆ, ಅದರಲ್ಲಿ ಒಂದು ಮೀಟರ್ ಅಗಲದ ಪಟ್ಟಿ. ತಲಾ 20 ಮೀಟರಿನ ಎರಡು ಸ್ಪ್ಯಾನ್, ನಡುವೆ ಕಂಬ, ಡೆಕ್ ಎಲ್ಲೂ ತುಂಡಾಗಿಲ್ಲ. ಎಂ35 ಕಾಂಕ್ರೀಟ್. ಐಆರ್‌ಸಿಯ ಹಗಲಿನ ಚಿತ್ರವನ್ನು ಇದಕ್ಕೆ ಹೊಂದಿಸಿ, ಆಳವನ್ನು ಪದರಗಳಾಗಿ ಸೀಳಿ, ಪ್ರತಿ ಪದರದ ತಾಪವನ್ನು ಅದರ ವಿಸ್ತೀರ್ಣದಿಂದ ಗುಣಿಸಿ ಕೂಡಬೇಕು. ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಸರಾಸರಿ 2.3 ಡಿಗ್ರಿ. ತಾಪದ ಪರಿಣಾಮ ಮೂರು ಪಾಲಾಗಿ ಒಡೆಯುತ್ತದೆ; ಇದು ಮೊದಲ ಪಾಲು, ಬರೀ ಹಿಗ್ಗುವಿಕೆ: 40 ಮೀಟರಿಗೆ ಒಂದು ಮಿ.ಮೀ. ಚಿಲ್ಲರೆ. ಬೇರಿಂಗ್ ಅದನ್ನು ನುಂಗಿಕೊಳ್ಳುತ್ತದೆ.

ಎರಡನೆಯ ಪಾಲು ಬಾಗುವಿಕೆ. ಪ್ರತಿ ಪದರದ ಗುಣಲಬ್ಧವನ್ನು ಮಧ್ಯರೇಖೆಯಿಂದ ಅದರ ದೂರದಿಂದಲೂ ಗುಣಿಸಿ ಕೂಡಿ, ಜಡತ್ವ ಮಹತ್ವದಿಂದ (ಮೊಮೆಂಟ್ ಆಫ್ ಇನರ್ಷಿಯಾ) ಭಾಗಿಸಿದರೆ ಪ್ರತಿ ಮೀಟರ್ ಆಳಕ್ಕೆ 9.4 ಡಿಗ್ರಿ ಬರುತ್ತದೆ. ನಡುವಿನ ಕಂಬಕ್ಕೆ ಡೆಕ್ ಅಂಟಿರದಿದ್ದರೆ, ಸ್ವಂತ ತೂಕವೂ ಇಲ್ಲದಿದ್ದರೆ, ಅದು ಬೆನ್ನು ಉಬ್ಬಿಸಿ ಕಂಬದ ತಲೆಯಿಂದ ಸುಮಾರು 22.5 ಮಿ.ಮೀ. ಮೇಲೇಳುತ್ತಿತ್ತು. ತೂಕ ಅದನ್ನು ಏಳಲು ಬಿಡುವುದಿಲ್ಲ. ನಡುವಿನ ಕಂಬದ ಮೇಲಿನ 62 ಟನ್ನಿನಷ್ಟು ಸ್ವಂತ ತೂಕದಲ್ಲಿ ನಾಲ್ಕೂವರೆ ಟನ್ ಕಡಿಮೆಯಾಗಿ, ಎರಡು ತುದಿಗಳ ಬೇರಿಂಗಿಗೆ ಹಂಚಿಹೋಗುತ್ತದೆ. ನೋಡಲು ಸಣ್ಣದು. ಆದರೆ ಈ ತಡೆಯಿಂದ ಹುಟ್ಟುವ ಬಾಗುಬಲ ತುದಿಯಲ್ಲಿ ಸೊನ್ನೆಯಿಂದ ಶುರುವಾಗಿ ಕಂಬದ ಬಳಿ ಗರಿಷ್ಠವಾಗುತ್ತದೆ. ಅಲ್ಲಿ ತಳಕ್ಕೆ 2.7 ಮೆಗಾಪ್ಯಾಸ್ಕಲ್ ಎಳೆತ. ಎಂ35 ಕಾಂಕ್ರೀಟಿನ ಸರಾಸರಿ ಎಳೆತ ಸಾಮರ್ಥ್ಯವೇ 2.8.

ಕಂಬದ ಮೇಲೆ ಸ್ವಂತ ತೂಕವೇ ತಳವನ್ನು ಬಲವಾಗಿ ಅದುಮುತ್ತಿರುತ್ತದೆ, ಹಾಗಾಗಿ ಅಲ್ಲಿ ಭಯವಿಲ್ಲ. ಸೂಕ್ಷ್ಮ ಜಾಗ ಕಂಬದಿಂದ ಐದು ಮೀಟರ್ ಆಚೆ. ಅಲ್ಲಿ ಸ್ವಂತ ತೂಕದ ಬಾಗುಬಲ ಸೊನ್ನೆ. ಏನೂ ಇಲ್ಲವಲ್ಲ ಎಂದು ವಿನ್ಯಾಸಕ ತಳದ ಕಂಬಿಯನ್ನು ಕಡಿಮೆ ಮಾಡುವುದೂ ಅಲ್ಲೇ. ಬಿಸಿಲಿನ ಬಾಗುಬಲ ಮಾತ್ರ ಗರಿಷ್ಠದ ಮುಕ್ಕಾಲು ಪಾಲು ಉಳಿದಿರುತ್ತದೆ, ಸುಮಾರು 2 ಮೆಗಾಪ್ಯಾಸ್ಕಲ್ ಎಳೆತ. ಜರ್ಮನಿಯ ಅನೇಕ ಪ್ರೀಸ್ಟ್ರೆಸ್ಡ್ ಸೇತುವೆಗಳಲ್ಲಿ ಕೇಬಲ್ಲುಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ಜಾಯಿಂಟುಗಳನ್ನು ಇಂಥ ‘ಸುರಕ್ಷಿತ’ ಜಾಗದಲ್ಲೇ ಇಟ್ಟಿದ್ದರು. 1970ರ ದಶಕದಲ್ಲಿ ಅವೇ ಬಿರುಕು ಬಿಟ್ಟವು. ಲೆಕ್ಕಕ್ಕೆ ಬಾರದ ಗ್ರೇಡಿಯಂಟ್ ಮುಖ್ಯ ಕಾರಣಗಳಲ್ಲಿ ಒಂದು.

ಮೂರನೆಯ ಪಾಲು ಅತಿ ವಿಚಿತ್ರ. ಹಿಗ್ಗುವಿಕೆ, ಬಾಗುವಿಕೆ ಎರಡನ್ನೂ ಕಳೆದ ಮೇಲೂ ತಾಪದ ರೇಖೆಯಲ್ಲಿ ಒಂದಿಷ್ಟು ಡೊಂಕು ಉಳಿಯುತ್ತದೆ. ಅದಕ್ಕೆ ಹೊರಗಿನ ಯಾವ ತಡೆಯೂ ಬೇಡ. ಪದರಗಳೇ ಪರಸ್ಪರ ತಡೆಯುತ್ತವೆ. ನಮ್ಮ ಸ್ಲ್ಯಾಬಿನಲ್ಲಿ ಮೇಲ್ಮೈಗೆ 4.1 ಮೆಗಾಪ್ಯಾಸ್ಕಲ್ ಒತ್ತಡ, ಮೇಲಿನಿಂದ 40 ಸೆಂ.ಮೀ. ಆಳದಲ್ಲಿ 1.2 ಎಳೆತ, ತಳದಲ್ಲಿ 1.7 ಒತ್ತಡ. ಒಟ್ಟು ಕೂಡಿದರೆ ಸೊನ್ನೆ. ಎರಡು ತುದಿಗೆ ಸುಮ್ಮನೆ ಕೂತ ಒಂಟಿ ಸ್ಪ್ಯಾನಿನಲ್ಲೂ ಇದು ಇರುತ್ತದೆ.

ವಿನ್ಯಾಸ ಕಚೇರಿಗಳಲ್ಲಿ ಕಾಣುವ ಸಾಮಾನ್ಯ ಅಡ್ಡದಾರಿಯ ಪರಿಣಾಮ ಈ ಲೆಕ್ಕದ ಪಕ್ಕದಲ್ಲಿಟ್ಟರೆ ಸ್ಪಷ್ಟವಾಗುತ್ತದೆ. ಸಾಫ್ಟ್‌ವೇರಿನಲ್ಲಿ ಮೇಲೆ 17.8, ಕೆಳಗೆ 2.1 ಎಂದು ತುಂಬಿ ನಡುವೆ ನೇರ ಗೆರೆ ಎಳೆದುಬಿಡುತ್ತಾರೆ. ಆಗ ವ್ಯತ್ಯಾಸ 15.7 ಡಿಗ್ರಿ, ನಿಜವಾದ 9.4ಕ್ಕಿಂತ ಮೂರನೇ ಎರಡರಷ್ಟು ಹೆಚ್ಚು ಬಾಗುಬಲ. ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ ಎನ್ನುವವರಿದ್ದಾರೆ. ಅಲ್ಲ. ನೇರ ಗೆರೆಯಲ್ಲಿ ಮೂರನೆಯ ಪಾಲು ಪೂರ್ತಿ ಮಾಯವಾಗುತ್ತದೆ, ಒಳಗಿನ ಎಳೆತ ಯಾರ ಕಣ್ಣಿಗೂ ಬೀಳುವುದಿಲ್ಲ. 9.4ನ್ನು ಮೊದಲು ಕೈಯಿಂದಲೋ ಸ್ಪ್ರೆಡ್‌ಶೀಟಿನಲ್ಲೋ ತೆಗೆದು ಸಾಫ್ಟ್‌ವೇರಿಗೆ ಕೊಟ್ಟು, ಮೂರನೆಯ ಪಾಲನ್ನು ಕೊನೆಗೆ ಬೇರೆಯಾಗಿ ಕೂಡುವುದು ಅರ್ಧ ಗಂಟೆಯ ಕೆಲಸ. ಪೆಟ್ಟಿಗೆ ಗರ್ಡರಿಗೂ ಟಿ ಬೀಮಿಗೂ ದಾರಿ ಇದೇ, ಪದರದಿಂದ ಪದರಕ್ಕೆ ಅಗಲ ಬದಲಾಗುತ್ತದೆ ಅಷ್ಟೆ.

ಇಷ್ಟೆಲ್ಲ ಇದ್ದರೂ ಬಿಸಿಲಿಗೆ ಸೇತುವೆ ಕುಸಿದುಬೀಳುತ್ತದೆ ಎಂದು ಹೆದರಬೇಕಿಲ್ಲ. ಲಾರಿಯ ಭಾರ ಬಿರುಕು ಬಿಟ್ಟರೂ ಇಳಿಯದು. ತಾಪದ ಬಲ ಹಾಗಲ್ಲ, ಬಿರುಕು ಬಿಟ್ಟು ಕಾಂಕ್ರೀಟು ಸಡಿಲವಾದಂತೆ ತಾನೂ ಕರಗುತ್ತದೆ. ತೊಂದರೆ ಬಾಳಿಕೆಯದು. ಎಳೆತವೇ ಬರಕೂಡದೆಂದು ಕಟ್ಟಿದ ಪ್ರೀಸ್ಟ್ರೆಸ್ಡ್ ಗರ್ಡರಿನಲ್ಲಿ ಬಿರುಕು ಬಿದ್ದರೆ ಮಳೆನೀರು ಕೇಬಲ್ಲಿನವರೆಗೆ ಹೋಗುತ್ತದೆ, ಕರಾವಳಿಯಾದರೆ ಉಪ್ಪೂ ಜೊತೆಗೆ. ತಿರುವಿನ ಫ್ಲೈಓವರುಗಳಲ್ಲಿ ಮತ್ತು ಓರೆಯಾಗಿ ಕಟ್ಟಿದ ಸೇತುವೆಗಳಲ್ಲಿ ಇನ್ನೊಂದು ಪರೀಕ್ಷೆ ಬೇಕು: ಮೊದಲೇ ಕಡಿಮೆ ಭಾರವಿರುವ ಮೂಲೆಯ ಬೇರಿಂಗ್, ರಾತ್ರಿಯ ಗ್ರೇಡಿಯಂಟಿಗೆ ತುದಿ ಮೇಲೇಳಲು ನೋಡಿದಾಗ ಪೂರ್ತಿ ಬರಿದಾಗಬಹುದು.

ಕಟ್ಟುವ ಕಾಲದಲ್ಲೂ ಬಿಸಿಲಿನ ಲೆಕ್ಕ ಬಿಡುವುದಿಲ್ಲ. ಕಂಬದ ಎರಡೂ ಕಡೆ ತುಂಡು ತುಂಡಾಗಿ ಚಾಚುತ್ತ ಹೋಗುವ ಕ್ಯಾಂಟಿಲಿವರ್ ಸೇತುವೆಯ ತುದಿ ಮಧ್ಯಾಹ್ನಕ್ಕೆ ಕೆಳಗೆ ಬಾಗಿ, ಬೆಳಗಿನ ಜಾವಕ್ಕೆ ಮತ್ತೆ ಮೇಲೇರಿರುತ್ತದೆ. ಮಧ್ಯಾಹ್ನ ಅಳೆದ ಮಟ್ಟ ನಂಬಿ ಮುಂದಿನ ತುಂಡಿನ ಅಚ್ಚು ಕಟ್ಟಿದರೆ ಎದುರಿನಿಂದ ಬಂದ ತುದಿಗೆ ಹೊಂದದು. ಅದಕ್ಕೇ ಲೆವೆಲ್ ನೋಡುವುದು ಸೂರ್ಯ ಹುಟ್ಟುವ ಮುಂಚೆ, ಎರಡೂ ತುದಿಗಳನ್ನು ಬೆಸೆಯುವ ಕೊನೆಯ ತುಂಡಿನ ಕಾಂಕ್ರೀಟು ಸುರಿಯುವುದು ತಾಪ ಸ್ಥಿರವಾಗಿರುವ ತಂಪು ಹೊತ್ತಿನಲ್ಲಿ. ಅದು ಗಟ್ಟಿಯಾಗುವವರೆಗೆ ಎರಡೂ ತುದಿ ಅಲುಗದಂತೆ ಉಕ್ಕಿನ ತೊಲೆಗಳಿಂದ ಬಿಗಿದಿಟ್ಟಿರುತ್ತಾರೆ.