ನೆಟ್ಟಗೆ ನಿಲ್ಲದ ಗೋಡೆಗಳು

ಗೋಡೆಯೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ನೆಟ್ಟಗೆ ನಿಂತಿರುವ, ಬುಡದಿಂದ ತುದಿಯವರೆಗೆ ಒಂದೇ ದಪ್ಪವುಳ್ಳ ಗೋಡೆ. ಗಾರೆಯವನು ತೂಗುಗುಂಡನ್ನು ಇಳಿಬಿಟ್ಟು ನೋಡುವುದೂ ಗೋಡೆ ಈ ನೇರವನ್ನು ಬಿಟ್ಟು ಸರಿಯಬಾರದೆಂದೇ. ಆದರೆ ಬೇಕೆಂದೇ ಈ ನಿಯಮವನ್ನು ಮೀರಿದ ಕಟ್ಟಡಗಳೂ ಉಂಟು. ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ ೧೯೯೬ರಲ್ಲಿ ಪೂರ್ಣಗೊಂಡ ‘ಪುಯೆರ್ತಾ ದೆ ಯೂರೋಪ’ ಎಂಬ ಜೋಡಿ ಗೋಪುರಗಳು ೧೧೪ ಮೀಟರು ಎತ್ತರವಾಗಿದ್ದು, ಲಂಬರೇಖೆಯಿಂದ ೧೫ ಡಿಗ್ರಿಗಳಷ್ಟು ಒಂದರ ಕಡೆಗೊಂದು ವಾಲಿ ನಿಂತಿವೆ. ಅಮೆರಿಕದ ಷಿಕಾಗೋ ನಗರದಲ್ಲಿ ೧೮೯೧ರಲ್ಲಿ ಕಟ್ಟಿದ ಮೊನಾಡ್ನಾಕ್ ಕಟ್ಟಡದ ಇಟ್ಟಿಗೆಯ ಗೋಡೆಗಳು ಬುಡದಲ್ಲಿ ೬ ಅಡಿ ದಪ್ಪ. ಮೇಲೇರಿದಂತೆ ತೆಳುವಾಗುತ್ತ ಹೋಗುತ್ತವೆ. ಹದಿನಾರು ಅಂತಸ್ತುಗಳ ಭಾರವನ್ನು ಹೊರುವ ಬುಡಕ್ಕೆ ಬೇಕಾದ ದಪ್ಪ ತುದಿಗೆ ಬೇಡವಷ್ಟೆ. ಮೊದಲನೆಯ ಬಗೆಯನ್ನು ಓರೆಗೋಡೆಯೆಂದೂ ಎರಡನೆಯದನ್ನು ಇಳಿದಪ್ಪದ ಗೋಡೆಯೆಂದೂ ಕರೆಯೋಣ.

ಇಂದಿನ ವಾಸ್ತುಶಿಲ್ಪಿಗಳು ಕಾಗದದ ಮೇಲೆ ಗೆರೆ ಎಳೆಯುವುದಕ್ಕೆ ಬದಲಾಗಿ ಗಣಕಯಂತ್ರದೊಳಗೆ ಇಡೀ ಕಟ್ಟಡದ ಪ್ರತಿರೂಪವನ್ನೇ ಕಟ್ಟುತ್ತಾರೆ. ಈ ಕೆಲಸಕ್ಕೆ ಒದಗುವ ತಂತ್ರಾಂಶಗಳಲ್ಲಿ ‘ರೆವಿಟ್’ ಹೆಸರಾದುದು. ೧೯೯೭ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಸಣ್ಣ ಸಂಸ್ಥೆಯೊಂದು ಅದನ್ನು ರೂಪಿಸಿತು. ೨೦೦೨ರಲ್ಲಿ ಆಟೋಡೆಸ್ಕ್ ಎಂಬ ದೊಡ್ಡ ಸಂಸ್ಥೆ ಅದನ್ನು ಕೊಂಡುಕೊಂಡಿತು. ಹೀಗಿದ್ದೂ ಗೋಡೆಗೆ ‘ಇಷ್ಟು ಡಿಗ್ರಿ ವಾಲು’ ಎಂದು ನೇರವಾಗಿ ಹೇಳುವ ಸೌಲಭ್ಯ ಅದಕ್ಕೆ ಒದಗಿದುದು ೨೦೨೦ರಲ್ಲಿ ಹೊರಬಂದ ಆವೃತ್ತಿಯಲ್ಲಿ. ಇಳಿದಪ್ಪದ ಗೋಡೆ ಬಂದುದು ಅದರ ಮರುವರ್ಷ. ಅಲ್ಲಿಯವರೆಗೆ ಬೇಕಾದ ಆಕಾರದ ಘನವೊಂದನ್ನು ಮೊದಲು ಮಾಡಿ, ಅದರ ಓರೆ ಮುಖಕ್ಕೆ ಗೋಡೆಯನ್ನು ಹೊದಿಸುವಂತಹ ಬಳಸುದಾರಿಗಳೇ ಗತಿಯಾಗಿದ್ದವು. ಈ ವಿಳಂಬದ ಒಳಗುಟ್ಟೇನೇ ಇರಲಿ, ಕೆಲಸವು ತೋರುವಷ್ಟು ಸರಳವಲ್ಲವೆಂಬುದನ್ನು ನಾವೇ ಲೆಕ್ಕ ಹಾಕಿ ಕಾಣಬಹುದು.

ಇಂತಹ ತಂತ್ರಾಂಶಕ್ಕೆ ಗೋಡೆಯೆಂಬುದು ಒಂದು ಚಿತ್ರವಲ್ಲ, ಒಂದು ನಿಯಮ. ನೆಲದ ಮೇಲೊಂದು ಗೆರೆ, ಒಂದು ಎತ್ತರ, ಇಟ್ಟಿಗೆ, ಗಾರೆ ಮುಂತಾದ ಪದರಗಳ ದಪ್ಪ—ಇಷ್ಟನ್ನು ಕೊಟ್ಟರೆ ಉಳಿದುದನ್ನೆಲ್ಲ ಅದೇ ಗುಣಿಸಿಕೊಳ್ಳುತ್ತದೆ. ನೆಟ್ಟಗಿನ ಗೋಡೆಯಲ್ಲಿ ‘ದಪ್ಪ’ವೆಂಬ ಮಾತಿಗೆ ಒಂದೇ ಅರ್ಥ. ಗೋಡೆ ವಾಲಿದೊಡನೆ ಆ ಮಾತು ಎರಡಾಗಿ ಒಡೆಯುತ್ತದೆ. ನೆಲಕ್ಕೆ ಸಮಾಂತರವಾಗಿ ಅಳೆಯಬೇಕೆ, ಗೋಡೆಯ ಮುಖಕ್ಕೆ ಲಂಬವಾಗಿ ಅಳೆಯಬೇಕೆ?

ಒಂದು ಕಟ್ಟು ಇಸ್ಪೀಟೆಲೆಗಳನ್ನು ಮೇಜಿನ ಮೇಲಿಟ್ಟು, ಒಂದೊಂದೆಲೆಯನ್ನೂ ತುಸುತುಸುವೇ ಸರಿಸಿ ಓರೆ ಮಾಡೋಣ. ಪ್ರತಿ ಎಲೆಯ ಅಗಲ ಮೊದಲಿನಷ್ಟೇ, ಎತ್ತರವೂ ಅಷ್ಟೇ, ಆದುದರಿಂದ ಕಟ್ಟಿನ ಗಾತ್ರವೂ ಬದಲಾಗದು. ಹದಿನೇಳನೆಯ ಶತಮಾನದ ಇಟಲಿಯ ಗಣಿತಜ್ಞ ಕವಲಿಯೇರಿಯ ಹೆಸರಿನಲ್ಲಿ ಪ್ರಸಿದ್ಧವಾಗಿರುವ ತತ್ತ್ವವಿದು. ಆದರೆ ಓರೆ ಮುಖಗಳ ನಡುವಣ ಲಂಬದೂರ ಕಡಮೆಯಾಗಿರುತ್ತದೆ. ಇದಕ್ಕೆ ಪ್ರತಿಯಾಗಿ ಒಂದು ಹಲಗೆಯನ್ನೇ ವಾಲಿಸಿ, ನೆಲಕ್ಕೂ ಚಾವಣಿಗೂ ಸಮವಾಗಿ ಅದರ ಎರಡು ತುದಿಗಳನ್ನು ಕತ್ತರಿಸೋಣ. ಈಗ ಹಲಗೆಯ ನಿಜವಾದ ದಪ್ಪ ಉಳಿಯಿತು, ನೆಲದ ಮೇಲಿನ ಅಗಲ ಹೆಚ್ಚಿತು. ದಪ್ಪವನ್ನು ಓರೆಕೋನದ ಕೊಸೈನಿನಿಂದ ಭಾಗಿಸಿದರೆ ಈ ಅಗಲ ದೊರೆಯುತ್ತದೆ.

ಗೋಡೆಯ ದಪ್ಪ ೨೩ ಸೆಂಟಿಮೀಟರು, ಎತ್ತರ ೩ ಮೀಟರು, ಓರೆ ೨೦ ಡಿಗ್ರಿ ಎನ್ನೋಣ. ಹಲಗೆಯ ರೀತಿಯಲ್ಲಿ ವಾಲಿಸಿದರೆ ನೆಲದ ಮೇಲಿನ ಅಗಲ ೨೪.೫ ಸೆಂಟಿಮೀಟರು; ಇಸ್ಪೀಟೆಲೆಯ ರೀತಿಯಲ್ಲಾದರೆ ನಿಜವಾದ ದಪ್ಪ ೨೧.೬ಕ್ಕೆ ಇಳಿಯುತ್ತದೆ. ನೂರು ಮೀಟರು ಉದ್ದದ ಗೋಡೆಯಲ್ಲಿ ಈ ಎರಡು ಲೆಕ್ಕಗಳ ಅಂತರ ಸುಮಾರು ೪.೪ ಘನಮೀಟರು. ತಂತ್ರಾಂಶ ಯಾವ ದಾರಿಯನ್ನು ಹಿಡಿದಿದೆಯೆಂದು ತಿಳಿಯದೆ ಇಟ್ಟಿಗೆಯ ಪಟ್ಟಿಯನ್ನು ಅಚ್ಚು ಹಾಕಿ ಗುತ್ತಿಗೆದಾರರಿಗೆ ಕಳುಹುವುದು ಸಾಹಸವೇ ಸರಿ. ಪರೀಕ್ಷೆ ಸುಲಭ: ೨೦ ಸೆಂಟಿಮೀಟರು ದಪ್ಪದ ಗೋಡೆಯೊಂದನ್ನು ೩೦ ಡಿಗ್ರಿ ವಾಲಿಸಿ, ನೆಲದ ಮಟ್ಟದಲ್ಲಿ ಅಳೆಯಿರಿ. ೨೩.೧ ಬಂದರೆ ಹಲಗೆ. ೨೦ ಬಂದರೆ ಇಸ್ಪೀಟು.

ಎರಡನೆಯ ತೊಡಕು ನಕ್ಷೆಯದು. ಅಂತಸ್ತಿನ ನಕ್ಷೆಯೆಂದರೆ ಕಟ್ಟಡವನ್ನು ನೆಲದಿಂದ ಸಾಮಾನ್ಯವಾಗಿ ೧.೨ ಮೀಟರು ಎತ್ತರದಲ್ಲಿ ಅಡ್ಡಲಾಗಿ ಕೊಯ್ದು ಮೇಲಿನಿಂದ ನೋಡಿದ ನೋಟ. ನೆಟ್ಟಗಿನ ಗೋಡೆಯನ್ನು ಎಲ್ಲಿ ಕೊಯ್ದರೂ ಅದು ಅಲ್ಲೇ ಇರುತ್ತದೆ. ಆದರೆ ೨೦ ಡಿಗ್ರಿಯ ಓರೆಗೋಡೆ ಆ ಎತ್ತರದಲ್ಲಿ ಬುಡದಿಂದ ಸುಮಾರು ೪೪ ಸೆಂಟಿಮೀಟರು ಸರಿದಿರುತ್ತದೆ. ಮೇಸ್ತ್ರಿ ಪಾಯದ ಗುರುತು ಹಾಕಬೇಕಾದುದು ಬುಡದ ಗೆರೆಗೆ, ನಕ್ಷೆಯಲ್ಲಿ ದಪ್ಪನಾಗಿ ಕಾಣುವ ಕೊಯ್ತದ ಗೆರೆಗಲ್ಲ. ಆದುದರಿಂದ ಅಳತೆಗಳನ್ನು ಯಾವ ಮಟ್ಟದಲ್ಲಿ ಬರೆದಿದೆಯೆಂಬುದನ್ನು ನಕ್ಷೆಯಲ್ಲೇ ಕಾಣಿಸಬೇಕು.

ಮೂಲೆಗಳ ವಿಷಯ ಇನ್ನೂ ಸ್ವಾರಸ್ಯವಾದುದು. ಸಮಕೋನದಲ್ಲಿ ಕೂಡುವ ಎರಡು ಗೋಡೆಗಳು ತಲಾ ೨೦ ಡಿಗ್ರಿ ಒಳಕ್ಕೆ ವಾಲಿದರೆ ಅವುಗಳ ನಡುವಣ ಅಂಚೂ ೨೦ ಡಿಗ್ರಿಯೇ ವಾಲೀತೆಂದು ನಾವು ಎಣಿಸುತ್ತೇವೆ. ಹಾಗಾಗದು. ಅಂಚು ಎರಡೂ ದಿಕ್ಕುಗಳಲ್ಲಿ ಏಕಕಾಲಕ್ಕೆ ಸರಿಯುವುದರಿಂದ ಕರ್ಣದಲ್ಲಿ ಸಾಗಿ, ೨೭ ಡಿಗ್ರಿಗಿಂತ ತುಸು ಹೆಚ್ಚೇ ವಾಲುತ್ತದೆ. ಪೈಥಾಗೊರಸನ ಪ್ರಮೇಯವನ್ನು ಬಲ್ಲ ವಿದ್ಯಾರ್ಥಿಗಳು ಇದನ್ನು ತಾವೇ ಸಾಧಿಸಿ ನೋಡಬಹುದು.

ಇನ್ನು ಇಳಿದಪ್ಪದ ಗೋಡೆ. ಮಣ್ಣನ್ನು ತಡೆದು ನಿಲ್ಲಿಸುವ ಗೋಡೆಗಳಲ್ಲಿ ಇದರ ಉಪಯೋಗ ಹೆಚ್ಚು. ಆಳ ಹೆಚ್ಚಿದಂತೆ ಮಣ್ಣಿನ ಒತ್ತಡವೂ ಹೆಚ್ಚುತ್ತದೆ; ಗೋಡೆಯ ಎತ್ತರ ಎರಡರಷ್ಟಾದರೆ ಅದನ್ನು ಉರುಳಿಸಲೆಳಸುವ ಬಲದ ಪರಿಣಾಮ ಎಂಟರಷ್ಟಾಗುತ್ತದೆ. ಇಲ್ಲಿ ತಂತ್ರಾಂಶಕ್ಕೆ ಮೂರು ಸಂಗತಿಗಳನ್ನು ತಿಳಿಸಬೇಕು: ತೆಳುವಾಗಬೇಕಾದ ಪದರ ಯಾವುದು, ಎರಡು ಮುಖಗಳ ಓರೆ ಎಷ್ಟೆಷ್ಟು, ದಪ್ಪವನ್ನು ಎಣಿಸಬೇಕಾದುದು ಬುಡದಲ್ಲೋ ತುದಿಯಲ್ಲೋ. ಮೊದಲನೆಯದು ಸಹಜವೇ, ಗಾರೆಯ ಲೇಪ ಎಲ್ಲೆಡೆಯೂ ಒಂದೇ ಸಮನಾಗಿದ್ದು, ಒಳಗಿನ ಕಲ್ಲು ಅಥವಾ ಕಾಂಕ್ರೀಟು ಮಾತ್ರ ಕಿರಿದಾಗಬೇಕು. ಎಡವುವುದು ಮೂರನೆಯದರಲ್ಲಿ. ಬುಡದಲ್ಲಿ ೬೦, ೩ ಮೀಟರು ಮೇಲೆ ತುದಿಯಲ್ಲಿ ೩೦ ಸೆಂಟಿಮೀಟರು ದಪ್ಪವಾಗಿ, ಒಂದು ಮುಖ ಮಾತ್ರ ಓರೆಯಾಗಿರುವ ಗೋಡೆಯ ಕೋನ ೫.೭ ಡಿಗ್ರಿ. ಬುಡದ ದಪ್ಪವನ್ನು ಹಿಡಿದಿಟ್ಟು ಎತ್ತರವನ್ನು ೪ ಮೀಟರಿಗೆ ಏರಿಸಿದರೆ ತುದಿ ೨೦ಕ್ಕೆ ಇಳಿಯುತ್ತದೆ. ೬ ಮೀಟರಿನಲ್ಲಿ ಗೋಡೆ ಚಾಕುವಿನ ಅಲಗಿನಂತೆ ಮುಗಿದೇ ಹೋಗುತ್ತದೆ. ತುದಿಯ ದಪ್ಪವನ್ನು ಹಿಡಿದಿಟ್ಟರೆ, ೪ ಮೀಟರಿನ ಗೋಡೆಯ ಬುಡ ೭೦ಕ್ಕೆ ಹಿಗ್ಗುತ್ತದೆ. ಎರಡೂ ನಿಯಮಕ್ಕೆ ಸರಿಯೇ. ಮಣ್ಣನ್ನು ತಡೆಯಲು ತಕ್ಕುದು ಎರಡನೆಯದು.

ಕೋನವನ್ನು ಹೀಗೆ ಡಿಗ್ರಿಗಳಲ್ಲಿ ಹೇಳುವುದು ಗಣಕಯಂತ್ರದ ಪದ್ಧತಿ, ಕಟ್ಟುವವರದು ಬೇರೆ. ಪ್ರಾಚೀನ ಈಜಿಪ್ಟಿನವರು ಒಂದು ಮೊಳ ಮೇಲೇರಿದಾಗ ಮುಖ ಎಷ್ಟು ಅಂಗೈ ಒಳಕ್ಕೆ ಸರಿಯಬೇಕೆಂದು ಎಣಿಸಿ, ಅದಕ್ಕೆ ‘ಸೆಕೆಡ್’ ಎನ್ನುತ್ತಿದ್ದರು. ಅವರ ಮೊಳಕ್ಕೆ ಏಳು ಅಂಗೈ. ರಿಂಡ್ ಪಪೈರಸ್ ಎಂಬ ಗಣಿತಗ್ರಂಥದಲ್ಲಿ ೩೬೦ ಮೊಳ ಪಾದ, ೨೫೦ ಮೊಳ ಎತ್ತರದ ಪಿರಮಿಡ್ಡಿನ ಸೆಕೆಡ್ ಕಂಡುಹಿಡಿಯುವ ಲೆಕ್ಕವೊಂದಿದೆ; ಉತ್ತರ ೫ ಅಂಗೈ ಮತ್ತು ೧/೨೫. ತೂಗುಗುಂಡು, ಅಳತೆಕೋಲುಗಳಷ್ಟೇ ಕೈಯಲ್ಲಿರುವ ಕೆಲಸಗಾರನಿಗೆ ಇಂದಿಗೂ ಈ ರೀತಿಯೇ ಅನುಕೂಲ. ೫.೭ ಡಿಗ್ರಿಯೆನ್ನುವುದಕ್ಕಿಂತ ‘ಮೀಟರಿಗೆ ೧೦ ಸೆಂಟಿಮೀಟರು’ ಎಂದು ನಕ್ಷೆಯಲ್ಲಿ ಬರೆದರೆ ಒಳ್ಳೆಯದು.

ಕೊನೆಗೆ ಬಾಗಿಲು. ಓರೆಗೋಡೆಯಲ್ಲಿ ಅದನ್ನು ಗೋಡೆಯೊಡನೆ ವಾಲಿಸಲೂಬಹುದು, ನೆಟ್ಟಗೆ ನಿಲ್ಲಿಸಲೂಬಹುದು. ರೆವಿಟ್ ಎರಡಕ್ಕೂ ಅವಕಾಶ ಕೊಡುತ್ತದೆ. ವಾಲಿಸಿದರೆ ಚಿತ್ರ ಅಂದವಾಗಿ ಕಾಣುತ್ತದೆ. ಆದರೆ ಕೀಲುಗಳ ಗೆರೆ ಹೊರಕ್ಕೆ ವಾಲಿದ್ದು, ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ, ಅಗುಳಿ ತೆಗೆದೊಡನೆ ಅದು ತನ್ನ ಭಾರಕ್ಕೇ ಹೊರಕ್ಕೆ ಬೀಸಿ ಅಲ್ಲೇ ನಿಲ್ಲುತ್ತದೆ. ನೆಟ್ಟಗೆ ನಿಲ್ಲಿಸಿದರೆ ಈ ಕಾಟವಿಲ್ಲ. ಚೌಕಟ್ಟಿಗೂ ಓರೆ ಮುಖಕ್ಕೂ ನಡುವೆ ಉಳಿಯುವ ಬೆಣೆಯಾಕಾರದ ಸಂದನ್ನು ಬಡಗಿ ತುಂಬಬೇಕಾಗುತ್ತದೆ, ಅಷ್ಟೆ.