ಮಾಳಗಿಯ ಮೇಲಿನ ಬೆಳ್ಳಿಗೆರೆ

ಬೇಸಿಗೆಯ ನಡುಹಗಲು. ನವಿಲುತೀರ್ಥದ ಅಣೆಕಟ್ಟಿನಿಂದ ಇಳಿದು ಬರುವ ಮಲಪ್ರಭೆ ಮನೋಳಿಯ ಮಗ್ಗುಲಲ್ಲಿ ಸಣಕಲಾಗಿ ಹರಿಯುತ್ತಿದ್ದಾಳೆ. ಮಣ್ಣಿನ ಮಾಳಗಿಯ ಮೇಲೆ ಒಂದು ಕಡೆ ಹಳೆ ಸೀರೆ ಹಾಸಿ ಸಂಡಿಗೆ ಇಟ್ಟಿದ್ದಾರೆ, ಇನ್ನೊಂದು ಕಡೆ ಕೆಂಪು ಮೆಣಸಿನಕಾಯಿ. ನಡುವೆ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ನಿಂತಿದೆ ಹಳೆಯದೊಂದು ಸೋಲಾರ್ ಪ್ಯಾನೆಲ್. ಮನೆಯ ಆಯಿ ಒದ್ದೆ ಅರಿವೆಯಿಂದ ಅದರ ಧೂಳು ಒರೆಸುತ್ತ, “ಸಪ್ಪಳಿಲ್ಲ, ಹೊಗಿ ಇಲ್ಲ. ಇದರಾಗ ಕರೆಂಟ್ ಹೆಂಗ ಹುಟ್ಟತೈತ್ರಿ?” ಅನ್ನುತ್ತಾಳೆ.

ಗಾಜಿನ ಕೆಳಗೆ ಕಡುನೀಲಿ ಬಿಲ್ಲೆಗಳು. ಒಂದೊಂದರ ಮೇಲೂ ಸಪೂರ ಗೆರೆಗಳು.

“ಬೆಳ್ಳಿ ಬಣ್ಣಾ ಹಚ್ಯಾರೇನ?”

“ಖರೇ ಬೆಳ್ಳೀನ ಐತಿ ಆಯಿ.”

ಬರೀ ಹಚ್ಚಿಬಿಟ್ಟಿದ್ದರೆ ಕರೆಂಟು ಹೊರಗೆ ಬರುತ್ತಿರಲಿಲ್ಲ. ಬಿಲ್ಲೆ ಸಿಲಿಕಾನಿನದು, ಅರೆವಾಹಕ. ಬಿಸಿಲು ತಾಗಿ ಒಳಗೆ ಎದ್ದ ಎಲೆಕ್ಟ್ರಾನು ಲೋಹಕ್ಕೆ ದಾಟಬೇಕಾದರೆ ಎರಡೂ ಬೆಂಕಿಯಲ್ಲಿ ಬೆಸೆಯಬೇಕು. ಕಾರ್ಖಾನೆಯಲ್ಲಿ ಬೆಳ್ಳಿಯ ಲೇಪವನ್ನು ಜಾಲರಿಯ ಮೂಲಕ ಒತ್ತಿ ಗೆರೆ ಮೂಡಿಸಿ, ಬಿಲ್ಲೆಯನ್ನು ಸರಿಯುವ ಪಟ್ಟಿಯ ಮೇಲಿಟ್ಟು ಸುರಂಗದಂಥ ಕುಲುಮೆಗೆ ಬಿಡುತ್ತಾರೆ. ಒಳಗೆ ಸುಮಾರು 800 ಡಿಗ್ರಿ ಸೆಲ್ಸಿಯಸ್. ಆ ಉರಿಯೂ ಕೆಲವೇ ಸೆಕೆಂಡು. ಲೇಪದಲ್ಲಿ ಬೆರೆಸಿದ ಗಾಜಿನ ಪುಡಿ ಮೊದಲು ಕರಗಿ, ಬಿಲ್ಲೆಗೆ ನೀಲಿ ಬಣ್ಣ ಕೊಡುವ ಸಿಲಿಕಾನ್ ನೈಟ್ರೈಡ್ ಪೊರೆಯನ್ನು ತಿನ್ನುತ್ತದೆ. ಪೊರೆಯ ದಪ್ಪ ಹೆಚ್ಚುಕಡಿಮೆ 75 ನ್ಯಾನೊಮೀಟರ್. ಅದು ತೂತಾದಲ್ಲಿ ಬೆಳ್ಳಿ ಸಣ್ಣ ಸಣ್ಣ ಹರಳುಗಳಾಗಿ ಸಿಲಿಕಾನಿಗೆ ಕಚ್ಚಿಕೊಳ್ಳುತ್ತದೆ. ಕಾದ ತಾಮ್ರದ ಕೊಡಕ್ಕೆ ತವರ ಹಿಡಿಯುವ ಕಲಾಯಿ ಇದ್ದಂಗ ಅಂದರೆ ಆಯಿಗೆ ಬೇರೆ ವಿವರಣೆ ಬೇಕಿಲ್ಲ.

ನನಗಂತೂ ಹಿಂಬದಿಯದೇ ಹೆಚ್ಚು ಸೋಜಿಗ. ಇಂಥ ಹಳೆಯ ಬಗೆಯ ಬಿಲ್ಲೆಗಳ ಬೆನ್ನಿಗೆಲ್ಲ ಅಲ್ಯೂಮಿನಿಯಂ. ಅದು ಒಂಟಿಯಾಗಿ ಕರಗುವುದು 660 ಡಿಗ್ರಿಗೆ, ಸಿಲಿಕಾನ್ 1414ಕ್ಕೆ. ಮೈಗೆ ಮೈ ತಾಗಿದರೆ ಎರಡೂ 577ಕ್ಕೇ ನೀರಾಗತೊಡಗುತ್ತವೆ! ಕರಗಿದ ಅಲ್ಯೂಮಿನಿಯಂ ಒಂದಿಷ್ಟು ಸಿಲಿಕಾನನ್ನು ಒಳಗೆಳೆದುಕೊಳ್ಳುತ್ತದೆ. ಆರುವಾಗ ಆ ಸಿಲಿಕಾನ್ ಮರಳಿ ಬಿಲ್ಲೆಯ ಮೇಲೇ ಹರಳುಗಟ್ಟುತ್ತದೆ, ಚೂರು ಅಲ್ಯೂಮಿನಿಯಂ ಅನ್ನು ಜೊತೆಗೆ ಹಿಡಿದುಕೊಂಡೇ. ಹಾಗೆ ಹುಟ್ಟಿದ ಪದರ ಎಲೆಕ್ಟ್ರಾನುಗಳು ಬೆನ್ನ ಕಡೆ ಹೋಗಿ ಪೋಲಾಗದಂತೆ ತಡೆಯುತ್ತದೆ.

ಶಾಖ ಕಡಿಮೆಯಾದರೆ ಬೆಳ್ಳಿ ಹಿಡಿಯದು. ಹೆಚ್ಚಾದರೆ ಅದು, ಬಿಲ್ಲೆಯೊಳಗೆ ಎರಡು ಬಗೆಯ ಸಿಲಿಕಾನ್ ಕೂಡುವ, ಅರ್ಧ ಮೈಕ್ರಾನಿನಷ್ಟೂ ಆಳವಿಲ್ಲದ ಸಂಧಿಯನ್ನು ದಾಟಿ ಇಳಿಯುತ್ತದೆ, ಕರೆಂಟು ಒಳಗೊಳಗೇ ಸೋರಿಹೋಗುತ್ತದೆ. ಕಂಪ್ಯೂಟರ್ ಚಿಪ್ ಮಾಡುವವರಿಗೂ ಇದೇ ಕಾಟವಿತ್ತು: 450 ಡಿಗ್ರಿಯ ಆಸುಪಾಸಿನಲ್ಲೇ ತೆಳು ಅಲ್ಯೂಮಿನಿಯಂ ಪದರ ಮೊಳೆಮೊಳೆಯಾಗಿ ಸಿಲಿಕಾನಿನೊಳಗೆ ಇಳಿಯುತ್ತಿತ್ತು. ಅಲ್ಯೂಮಿನಿಯಂಗೆ ಮೊದಲೇ ಶೇ 1ರಷ್ಟು ಸಿಲಿಕಾನ್ ಉಣಿಸಿ, ಅದರ ಹಸಿವು ತೀರಿಸಿಟ್ಟರು. ಜಾಣತನ ಅಂದರೆ ಇದು.

ಈ ಕುಲುಮೆ ದೂರದೇಶದ್ದೇ ಆಗಬೇಕಿಲ್ಲ. 1989ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟಾಟಾ ಬಿಪಿ ಸೋಲಾರ್, ಮುಂದೆ ಟಾಟಾ ಪವರ್ ಸೋಲಾರ್ ಆದದ್ದು, ಇಂಥ ಬಿಲ್ಲೆಗಳನ್ನು ಅಲ್ಲೇ ಮಾಡಿದೆ.

ಬೆಂಕಿಯಲ್ಲಿ ಹೀಗೆ ಕೂಡಿದ್ದನ್ನು ಬಿಡಿಸುವುದು ಸುಲಭವಲ್ಲ, ಸಾಮಾನ್ಯವಾಗಿ ಆಸಿಡ್ ಬೇಕು. ಗುಜರಿಯವರು ಚೌಕಟ್ಟಿನ ಅಲ್ಯೂಮಿನಿಯಂ ಬಿಚ್ಚಿಕೊಂಡರೆ ಉಳಿದದ್ದು ತಿಪ್ಪೆಗೆ. ಆ ಗೆರೆಗಳೊಳಗಿನ ಗಾಜಿನ ಪುಡಿಯಲ್ಲಿ ಸಾಮಾನ್ಯವಾಗಿ ಸೀಸವೂ ಇರುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು ಸೋಲಾರ್ ಪ್ಯಾನೆಲ್ಲುಗಳಿಗೂ ಅನ್ವಯಿಸುತ್ತವೆ. ನಿಮ್ಮ ಮಾಳಗಿಯ ಪ್ಯಾನೆಲ್ ಒಡೆದರೆ, ಕೆಟ್ಟರೆ, ಗುಜರಿಗೆ ಹಾಕಬೇಡಿ. ನೋಂದಾಯಿತ ಮರುಬಳಕೆ ಘಟಕಕ್ಕೆ ತಲುಪಿಸಿ.